ಬೀಗರ ಖೋಲಿಗೆ ಹಚ್ಚಿದ ಬಣ್ಣ

ಒಂದು ಊರು. ಆ ಊರಿನಲ್ಲೊಬ್ಬ ಸಾಹುಕಾರ. ಹೆಸರು ಕೇಳಬೇಡಿ ತಾಯಂದಿರೇ. ಹೆಸರು ಹೇಳಿದೆನೆಂದರೆ ನೀವೆಲ್ಲ ಕಥೆ ಬಿಟ್ಟು, ಆ ಹೆಸರಿನವರು ಎಲ್ಲಿ ಕುಳಿತಿದ್ದಾರೆಂದು ಹೊರಳಿ ಹೊರಳಿ ನೋಡುತ್ತೀರಿ. ಸಾಹುಕಾರ ಎಂದರೆ ಸಾಹುಕಾರ, ಅಷ್ಟೇ. ಎಣ್ಣೆ ಮಿಲ್ಲು ಇತ್ತು. ಹಳೆಯ ಮನೆಯ ಮೇಲೆ ಹೊಸ ಅಂತಸ್ತು ಎಬ್ಬಿಸಿದ್ದ. ಹೆಂಡತಿ, ಮಗ, ಸೊಸೆ ಇದ್ದರು. ಕೆಟ್ಟವನೇ? ಅಲ್ಲ. ಮಠಕ್ಕೆ ಬರುತ್ತಿದ್ದ, ದಾಸೋಹಕ್ಕೆ ಎಣ್ಣೆ ಕೊಡುತ್ತಿದ್ದ, ಪ್ರವಚನದಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಮುಂದಿನ ಸಾಲಿನವರೇ, ನಗಬೇಡಿ, ನಿಮ್ಮ ಸರದಿ ಇನ್ನೂ ಬಂದಿಲ್ಲ.

ಈ ಸಾಹುಕಾರನಿಗೆ ಒಬ್ಬಳು ಅಕ್ಕ. ತಾಯಿ ತೀರಿಕೊಂಡಾಗ ಇವನಿನ್ನೂ ಅಂಬೆಗಾಲಿಡುವ ಕೂಸು. ಅಕ್ಕನೂ ದೊಡ್ಡವಳೇನಲ್ಲ, ಪರಕಾರ ತೊಡುವ ಹುಡುಗಿ. ಆದರೂ ಇವನನ್ನು ಸೊಂಟದ ಮೇಲೆ ಹೊತ್ತು, ರೊಟ್ಟಿ ಚೂರು ಹಾಲಿನಲ್ಲಿ ಹಿಚುಕಿ ತಿನ್ನಿಸಿ ದೊಡ್ಡವನನ್ನು ಮಾಡಿದಳು. ಆಮೇಲೆ ಅವಳನ್ನು ಪಕ್ಕದ ತಾಲೂಕಿನ ಒಂದು ಹಳ್ಳಿಗೆ ಕೊಟ್ಟರು. ನಮ್ಮ ಕಡೆ ಪಂಚಮಿ ಎಂದರೆ ಏನು? ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ರೊಟ್ಟಿ ಹಬ್ಬಕ್ಕೆ ಬಂದು, ನಾಗಪ್ಪನಿಗೆ ಹಾಲೆರೆದು, ಜೋಕಾಲಿ ಜೀಕಿ, ಶೇಂಗಾ ಉಂಡಿ ಎಳ್ಳುಂಡಿ ತಿಂದು, ಹೋಗುವಾಗ ಒಂದು ಗಂಟು ಕಟ್ಟಿಕೊಂಡು ಹೋಗುವ ಹಬ್ಬ. ಈ ಅಕ್ಕನೂ ಹಾಗೇ ಬರುತ್ತಿದ್ದಳು. ಬಂದರೆ ವಾರಗಟ್ಟಲೆ ಇರುತ್ತಿದ್ದಳು. ಪಡಸಾಲೆಯಲ್ಲಿ ಎಲ್ಲರ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು.

ಆಮೇಲೆ ಏನಾಯಿತೋ ನೋಡಿ. ಒಂದು ವರ್ಷ ಬಂದವಳು ಮೂರನೆಯ ದಿನಕ್ಕೇ ಹೊರಟಳು. ಯಾಕಕ್ಕಾ ಅಂದರೆ, ಎಮ್ಮೆ ಈಯುವುದಿದೆ ಅಂದಳು. ಮರುವರ್ಷ ಬೆಳಿಗ್ಗೆ ಬಂದವಳು ಸಂಜೆಯ ಬಸ್ಸಿಗೆ ತಿರುಗಿ ಹೊರಟಳು. ಆಗಲೂ ಎಮ್ಮೆಯ ಮಾತೇ ಹೇಳಿದಳು. ಅದರ ಮರುವರ್ಷ ತನ್ನ ಸೊಸೆಗೆ ಮೈಯಲ್ಲಿ ಆರಾಮಿಲ್ಲ ಅಂದಳು. ಪ್ರತಿ ವರ್ಷವೂ ಪಂಚಮಿಗೇ ಈಯುವ ಎಮ್ಮೆ ಎಲ್ಲಾದರೂ ಉಂಟೇ? ಕೊನೆಗೆ ಒಂದು ವರ್ಷ ಹಬ್ಬಕ್ಕೆ ಮುಂಚೆ ಫೋನ್ ಮಾಡಿದಳು. "ತಮ್ಮಾ, ಮೊಣಕಾಲು ಭಾಳ ನೋಯಾಕತ್ತಾವಪಾ. ಇದೊಂದು ಪಂಚಮಿಗೆ ಬಂದು ಹೋಗ್ತೀನಿ. ಮುಂದಿನ ವರ್ಷದಿಂದ ನನ್ನ ದಾರಿ ಕಾಯಬ್ಯಾಡ್ರಿ. ಯಾರ ಕೈಯಾಗರ ನಾಕ್ ಉಂಡಿ ಕೊಟ್ಟು ಕಳಸು, ಸಾಕು" ಎಂದಳು.

ಸಾಹುಕಾರನಿಗೆ ದುಃಖವಾಯಿತು, ಸುಳ್ಳಲ್ಲ. ಅಪ್ಪ ಅಮ್ಮ ಇಲ್ಲದ ಮೇಲೆ ಅವನನ್ನು 'ಏ ತಮ್ಮಾ' ಎಂದು ಗದರಿಸುವ ಬಾಯಿ ಜಗತ್ತಿನಲ್ಲಿ ಅದೊಂದೇ ಉಳಿದಿತ್ತು. ಆ ಬಾಯಿ ಈಗ ಬರುವುದಿಲ್ಲ ಅನ್ನುತ್ತಿದೆ. ಅಕ್ಕ ಬರುವುದು ಬಿಟ್ಟಳೆಂದರೆ ಈ ಮನೆ ಯಾರ ತವರು? ಯಾರದೂ ಅಲ್ಲ. ಬರೀ ಎಣ್ಣೆ ಮಿಲ್ಲಿನವರ ಮನೆ. ಆದ್ದರಿಂದ ಈ ಸಲ ಏನಾದರೂ ಮಾಡಿ ಅಕ್ಕನನ್ನು ಉಳಿಸಿಕೊಳ್ಳಲೇಬೇಕು ಎಂದು ಹಟ ಹಿಡಿದ.

ಸರಿ, ಅಕ್ಕ ಯಾಕೆ ಉಳಿಯುತ್ತಿಲ್ಲ? ಶರಣ ಬಂಧುಗಳೇ, ಈ ಪ್ರಶ್ನೆ ಸಾಹುಕಾರನ ತಲೆ ತಿಂದಿತು. ನಿಮ್ಮ ತಲೆಯನ್ನೂ ಸ್ವಲ್ಪ ತಿನ್ನಲಿ. ಅಡಿವೆಪ್ಪ ಮಾಸ್ತರೇ, ನೀವು ಹೇಳಿ, ಯಾಕೆ?

"ಸೊಸಿ ಜೋಡಿ ಜಗಳಾ ಆಗಿರಬೇಕ್ರಿ ಅಪ್ಪಾರ."

ನೋಡಿ, ಸೊಸೆಯ ತಲೆಗೆ ಕಟ್ಟಿಬಿಟ್ಟರೆ ಗಂಡಸರ ಕೆಲಸ ಮುಗಿಯಿತು! ಇಲ್ಲ ಮಾಸ್ತರೇ, ಸೊಸೆ ಪಾಪ ಬಂಗಾರದಂಥವಳು. ಹಿಂದಿನ ಸಾಲಿನಲ್ಲಿ ಯಾರೋ ತಾಯಿ ಏನೋ ಅಂದರು. ಜೋರಾಗಿ ಹೇಳಿ ತೋಟವ್ವ.

"ಹಾಸಿಗ್ಯಾಗ ತಿಗಣಿ ಇದ್ವೇನ್ರಿ ಮತ್ತ?"

ಅದೂ ಅಲ್ಲ. ಆದರೆ ತೋಟವ್ವ ಬಂದ ದಾರಿಯಲ್ಲೇ ಸಾಹುಕಾರನೂ ಬಂದ. ಮನೆಗೆ ಹೊಸ ಅಂತಸ್ತು ಕಟ್ಟಿಸಿದಾಗ, ಕೆಳಗೆ ಅಡುಗೆಮನೆಗೆ ಹೊಂದಿಕೊಂಡಿದ್ದ ಕಾಳಿನ ಖೋಲಿಯನ್ನು ಖಾಲಿ ಮಾಡಿಸಿ, ಬಂದವರಿಗೆ ಎಂದು ಇಟ್ಟಿದ್ದರು. ಅದಕ್ಕೆ ಬೀಗರ ಖೋಲಿ ಎಂದೇ ಹೆಸರಾಗಿತ್ತು. ಅಕ್ಕನಿಗೂ ಪಡಸಾಲೆ ತಪ್ಪಿ ಆ ಖೋಲಿಯೇ ಆಗಿತ್ತು. ಸಾಹುಕಾರ ಹೋಗಿ ಬಾಗಿಲು ತೆರೆದು ನೋಡುತ್ತಾನೆ: ಹತ್ತಿ ಚೀಲ ಮೂಲೆಯಲ್ಲಿ, ಮುರಿದ ಫ್ಯಾನು ಕಿಟಕಿಯಲ್ಲಿ, ಸುಣ್ಣ ಎದ್ದು ಕೈ ತಾಗಿದರೆ ಬಟ್ಟೆಗೆ ಬರುತ್ತಿದೆ. ಎಂಥ ಖೋಲಿಯಪ್ಪ ಇದು! ಇಂಥದರಲ್ಲಿ ಯಾರು ಉಳಿದಾರು? ಕಾರಣ ಸಿಕ್ಕಿತು ಅಂದುಕೊಂಡ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಅವತ್ತೇ ಪೇಟೆಗೆ ಹೋಗಿ ಬಣ್ಣದ ಅಂಗಡಿಯಲ್ಲಿ ಕುಳಿತ.

ಬಣ್ಣದ ಅಂಗಡಿಗೆ ನೀವು ಹೋಗಿದ್ದೀರಾ? ಒಂದು ಪಟ್ಟಿ ಕೊಡುತ್ತಾರೆ. ನಮಗೆ ಗೊತ್ತಿರುವುದು ಕೆಂಪು, ಹಳದಿ, ನೀಲಿ. ಅವರ ಪಟ್ಟಿಯಲ್ಲಿ ನೀಲಿಯೇ ಒಂದು ಪುಟ ತುಂಬಾ ಇರುತ್ತದೆ. ಸಾಹುಕಾರ ಎಲ್ಲಕ್ಕಿಂತ ತುಟ್ಟಿಯದು ಯಾವುದು ಎಂದು ಕೇಳಿ, ನವಿಲಿನ ಕೊರಳಿನ ನೀಲಿ ಆರಿಸಿಕೊಂಡ. ಗೋಡೆ ಕೆರೆಸಿ, ಪುಟ್ಟಿ ಮೆತ್ತಿಸಿ, ನಾಲ್ಕೂ ಕಡೆ ಅದನ್ನೇ ಬಳಿಸಿದ. ಖೋಲಿಯೋ ಸಣ್ಣದು, ಕಿಟಕಿಯೋ ಒಂದೇ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಇದೇನು ಖೋಲಿ ಮಾಡೀರೋ, ಬಾಂವಿ ಮಾಡೀರೋ? ಮೊಣಕಾಲು ನೋವಂತ ಬರಾಕಿ, ಕತ್ತಲ್ಯಾಗ ಎಡವಿ ಬೀಳ್ಬೇಕೇನ್ರಿ?" ಎಂದಳು.

"ಏ, ಇದು ತುಟ್ಟಿ ಬಣ್ಣ. ನಿನಗೇನು ತಿಳೀತೈತಿ?"

"ತುಟ್ಟಿ ಬಣ್ಣಾ ದೀಪಾ ಹಚ್ಚಕೊಂಡು ಬರತೈತೇನು?"

ಮಾತು ಸರಿಯಾಗಿತ್ತು. ಸಾಹುಕಾರ ಸೋತ. ಮತ್ತೆ ಬಳಿಸಿದ. ಈ ಸಲ ಹೆಂಡತಿಯೇ ಆರಿಸಿದಳು, ತಿಳಿ ಬೆಣ್ಣೆಯ ಬಣ್ಣ. ಮೇಲೆ ಚಾವಣಿಗೆ ಬಿಳಿ. ಕಿಟಕಿಯ ಎದುರು ಗೋಡೆಗೆ ಒಂದು ಕನ್ನಡಿ ಹಾಕಿಸಿದಳು, ಒಳಗೆ ಬಂದ ಬೆಳಕು ಅಲ್ಲಿಗೆ ತಾಗಿ ಇಡೀ ಖೋಲಿಗೆ ಹಬ್ಬಿತು. ಮುದುಕರಿಗೆ ಎದ್ದು ಕೂರಲು ಅನುಕೂಲವಾಗಲೆಂದು ಗಿಡ್ಡ ಮಂಚ, ಅದರ ಮೇಲೆ ಹೊಸ ಗಾದಿ. ಕೆಳಗೆ ನವಲಗುಂದದ ಜಮಖಾನ. ಹಳೆಯ ಇಳಕಲ್ ಸೀರೆ ಹರಿದು ಕಿಟಕಿಗೆ ಪರದೆ. ಕೈಗೆ ಸಿಗುವಂತೆ ಒಂದು ಸ್ಟೂಲು, ಅದರ ಮೇಲೆ ನೀರಿನ ತಂಬಿಗೆ. ಸೀರೆ ಹಾಕಲು ಗೋಡೆಗೆ ಗೂಟ. ಅಡುಗೆಮನೆಯ ಕಡೆಯ ಗೋಡೆಯಲ್ಲಿ ಒಂದು ಹಳೆಯ ಮಾಡ ಇತ್ತು, ದೀಪ ಇಡುವ ಗೂಡು. ಹಿಂದಿನವರ ಬುದ್ಧಿ ನೋಡಿ, ಆ ಮಾಡ ಆರಪಾರ ತೆರೆದಿತ್ತು. ಒಂದು ದೀಪ ಇಟ್ಟರೆ ಅಡುಗೆಮನೆಗೂ ಬೆಳಕು, ಕಾಳಿನ ಖೋಲಿಗೂ ಬೆಳಕು. ಸಾಹುಕಾರ ಅದರ ಸುತ್ತ ಕೆಂಪಂಚು ಬರೆಸಿ, ಒಳಗೆ ಪ್ಲಾಸ್ಟಿಕ್ ಹೂವಿನ ಕುಂಡ ಇಡಿಸಿದ. ಚೆಂದ ಕಂಡಿತು.

ಈಗ ಕೇಳಿ. ಬಣ್ಣ ಹಚ್ಚಿದ್ದು ತಪ್ಪೇ? ತಪ್ಪಲ್ಲ. ಬರುವವರಿಗೆ ಎಂದು ಒಂದು ಖೋಲಿ ಚೊಕ್ಕಟ ಮಾಡುವುದು ಪೂಜೆಗೆ ಸಮ. 'ಸ್ವಾಮಿಗಳು ಬಣ್ಣ ಬೇಡ ಅಂದರು' ಎಂದು ಹೊರಗೆ ಹೋಗಿ ಹೇಳಬೇಡಿ. ಬಣ್ಣ ಹಚ್ಚಿ, ಚಲೋ ಹಚ್ಚಿ. ನನ್ನ ಪ್ರಶ್ನೆ ಬೇರೆ. ಆ ಮನೆಯವರು ಯಾರಾದರೂ, ಒಂದೇ ಒಂದು ದಿನ, ಆ ಖೋಲಿಯಲ್ಲಿ ಮಲಗಿ ನೋಡಿದ್ದರೇ? ಇಲ್ಲ. ಇಷ್ಟು ವರ್ಷ ಬೀಗರು ಮಲಗಿದ್ದರು, ಮನೆಯವರು ಮಲಗಿರಲಿಲ್ಲ. ನೀವು ನಿಮ್ಮ ಮನೆಯ ಬೀಗರ ಹಾಸಿಗೆಯಲ್ಲಿ ಯಾವಾಗ ಮಲಗಿದ್ದೀರಿ? ಕೈ ಎತ್ತಿ. ಒಂದೂ ಕೈ ಏಳಲಿಲ್ಲ.

ಹಬ್ಬ ಹತ್ತಿರ ಬಂತು. ಮಧ್ಯಾಹ್ನದ ಊಟ ಮುಗಿದಿದೆ. ಅಡುಗೆಮನೆಯಲ್ಲಿ ಸೊಸೆ ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಳೆ. ಸಾಹುಕಾರ ಹೆಂಡತಿಗೆ ಹೇಳಿದ: "ಗಾದಿ ಮೆತ್ತಗೈತೋ ಹೆಂಗ, ಒಂದೀಟು ಅಡ್ಡಾಗಿ ನೋಡು ಹೋಗು. ಅಕ್ಕನ ಸೊಂಟಕ್ಕ ಅದು ಆಗಬೇಕಲ್ಲ." ಹೆಂಡತಿ ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅಡ್ಡಾದಳು. ಸಾಹುಕಾರ ಚಹಾದ ಕಪ್ಪು ಹಿಡಿದು ಅಡುಗೆಮನೆಯ ಗೋಡೆಗೆ ಒರಗಿ ನಿಂತ. ಸುಮ್ಮನೆ ನಿಲ್ಲುವ ಬಾಯಿಯೇ ಅದು? ಸೊಸೆಯೊಂದಿಗೆ ಮಾತಿಗೆ ಶುರು ಮಾಡಿದ.

"ಇಷ್ಟೆಲ್ಲಾ ಮಾಡೇವಿ ನೋಡವ್ವಾ. ಅಕ್ಕಗ ಇದರ ಕಿಮ್ಮತ್ತು ಏನ್ ತಿಳೀತೈತಿ? ಆಕಿ ಹಳ್ಳ್ಯಾಕಿ. ಹೊಸಾ ಗಾದಿ ಮ್ಯಾಲೆ ಎಲಿ ಅಡಕಿ ಸಂಚಿ ಚೆಲ್ಲಿ ಕಲಿ ಮಾಡದಿದ್ರ ಸಾಕಾಗೈತಿ. ಇರ್ಲಿ, ನಾಕ್ ದಿವಸ ಇದ್ದು ಹೋದ್ರ ಓಣ್ಯಾಗಿನ ಮಂದಿ ಬಾಯಿಯರ ಮುಚ್ಚತಾವು."

ಆಗ ಗೋಡೆ ಮಾತಾಡಿತು.

"ಇಲ್ಲಿ ಎಲ್ಲಾ ಕೇಳಸ್ತೈತ್ರಿ."

ಸಾಹುಕಾರನ ಕೈಯ ಕಪ್ಪು ಅಲ್ಲೇ ನಿಂತಿತು. ಹೂವಿನ ಕುಂಡದ ಆಚೆಯಿಂದ ಬಂದದ್ದು ಹೆಂಡತಿಯ ದನಿ. ಜೋರಾಗಿ ಅಂದಿರಲಿಲ್ಲ ಅವಳು, ಸಾಧಾರಣವಾಗಿ ಅಂದಿದ್ದಳು. ಆದರೂ ಪಕ್ಕದಲ್ಲೇ ಕುಳಿತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಇವನು ಅಂದದ್ದೂ ಅವಳಿಗೆ ಅಷ್ಟೇ ಸ್ಪಷ್ಟವಾಗಿ ಕೇಳಿಸಿತ್ತು. ಹಿಂದಿನವರು ಬೆಳಕಿಗೆ ಬಿಟ್ಟ ದಾರಿಯಲ್ಲಿ ಇಷ್ಟು ವರ್ಷ ಏನೇನು ದಾಟಿ ಹೋಗಿತ್ತೋ!

ಹೆಂಡತಿ ಎದ್ದು ಬಂದಳು. ಅವಳ ಮುಖ ಸಪ್ಪಗಾಗಿತ್ತು. "ಅಕ್ಕಾರು ಕಡೀಸಲ ಇಲ್ಲಿ ಉಳದಾಗ ನಾವಿಬ್ರೂ ಇಲ್ಲೇ ನಿಂತು ಮಾತಾಡಿದ್ವಿ. ನೆನಪೈತೇನ್ರಿ?" ಎಂದು ಕೇಳಿದಳು.

ಅವನಿಗೆ ನೆನಪಾಯಿತು. ಅವತ್ತು ಅಕ್ಕ ಊಟ ಮಾಡಿ ಆ ಖೋಲಿಯಲ್ಲಿ ಅಡ್ಡಾಗಿದ್ದಳು. ಇವನು ಇದೇ ಜಾಗದಲ್ಲಿ ನಿಂತು, 'ಅಕ್ಕ ಈ ಸಲ ಏನೋ ಕೇಳಾಕ ಬಂದಿರಬೇಕು, ಇನ್ನೂ ಬಾಯಿ ಬಿಟ್ಟಿಲ್ಲ' ಅಂದಿದ್ದ. ಹೆಂಡತಿ, 'ಹೊಲದ ಪಾಲು ಕೇಳ್ತಾರೇನೋ, ಈಗೆಲ್ಲಾ ಕೇಳಾಕತ್ತಾರಲ್ಲ' ಅಂದಿದ್ದಳು. ಅಷ್ಟೇ ಮಾತು. ಬೈದಿರಲಿಲ್ಲ, ಶಪಿಸಿರಲಿಲ್ಲ. ಚಹಾ ಕುಡಿಯುತ್ತಾ ಆಡಿದ ಮಾತು, ಕಪ್ಪು ತೊಳೆದಿಡುವ ಹೊತ್ತಿಗೆ ಇಬ್ಬರೂ ಮರೆತಿದ್ದರು. ಅಕ್ಕ ಮರುದಿನ ಬೆಳಿಗ್ಗೆ ಹೊರಟಿದ್ದಳು. ಎಮ್ಮೆ ಈದದ್ದು ಆವತ್ತು.

ಅಕ್ಕನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೇ? ಇತ್ತು ತಾಯಂದಿರೇ, ಇತ್ತು. ಅದೇ ಆಶ್ಚರ್ಯ ನನಗೆ. ಪ್ರೀತಿ ಇರುವ ಬಾಯಿಂದಲೇ ಇಂಥ ಮಾತು ಬರುತ್ತದೆ. ಎದುರಿಗೆ ಕೂತಾಗ 'ಉಣ್ಣಕ್ಕಾ, ಇನ್ನೊಂದು ಹೋಳಿಗೆ ಹಾಕ್ಕೊ' ಅನ್ನುವ ಬಾಯಿ, ಬೆನ್ನು ತಿರುಗಿದ ಕೂಡಲೇ 'ಯಾವಾಗ ಹೋಗ್ತಾಳಂತ?' ಅನ್ನುತ್ತದೆ. ಎರಡೂ ಒಂದೇ ಬಾಯಿ, ಒಂದೇ ನಾಲಿಗೆ. ಇದು ಹೇಗೆ? ನಾನು ಎಷ್ಟೋ ಯೋಚಿಸಿದ್ದೇನೆ. ಮಾತಿಗೆ ನಾವು ಎರಡು ಪಾತ್ರೆ ಇಟ್ಟುಕೊಂಡಿದ್ದೇವೆ. ಬಂದವರಿಗೆ ಸ್ಟೀಲಿನ ತಟ್ಟೆ, ಮನೆಯವರಿಗೆ ತಗ್ಗು ಬಿದ್ದ ತಟ್ಟೆ ಇಟ್ಟುಕೊಂಡ ಹಾಗೆ.

ಸಾಹುಕಾರ ಏನು ಮಾಡಿದ? ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿದ. ಫೋನ್ ತೆಗೆದು ಗೌಂಡಿಯನ್ನು ಕರೆಯಹೊರಟ. "ಒಂದು ಬುಟ್ಟಿ ಸಿಮೆಂಟು ತರಸ್ತೀನಿ, ಇವತ್ತ ಆ ಮಾಡ ಮುಚ್ಚಿಸಿಬಿಡ್ತೀನಿ" ಎಂದ. ರೋಗ ಗೊತ್ತಾಯಿತು, ಔಷಧ ಹಚ್ಚೋಣ ಎಂದು.

ಹೆಂಡತಿ ಅವನ ಕೈ ಹಿಡಿದಳು. "ಗ್ವಾಡಿ ದಪ್ಪ ಮಾಡಿದ್ರ ನಮ್ಮ ಮಾತು ಚಲೋ ಆಗ್ತಾವೇನ್ರಿ? ನಾನೂ ಅಂದಾಕಿನ. ನನ್ನ ಬಾಯಿಗೂ ಗೌಂಡಿನ್ನ ಕರಸ್ತೀರೇನು?"

ಆಹಾ! ತಾಯಂದಿರೇ, ನಾನು ಕಾಶಿಯಲ್ಲಿ ಓದಿದ್ದೇನೆ. ದೊಡ್ಡ ದೊಡ್ಡ ಪಂಡಿತರ ಬಾಯಲ್ಲಿ ಇಂಥ ಮಾತು ಕೇಳಲಿಲ್ಲ. ಸಾಹುಕಾರ ಫೋನ್ ಜೇಬಿಗೆ ಹಾಕಿದ. ನಾಚಿಕೆಯಿಂದ ಅವನ ಕಿವಿ ಕೆಂಪಾಗಿದ್ದವು.

ಅಕ್ಕನನ್ನು ಕರೆತರಲು ಪ್ರತಿ ವರ್ಷ ಡ್ರೈವರ್ ಹೋಗುತ್ತಿದ್ದ. ಪಂಚಮಿಗೆ ಕರೆಯಲು ತಮ್ಮನೇ ಹೋಗಬೇಕು ಎಂಬುದು ಪದ್ಧತಿ. ಆದರೆ ಸಾಹುಕಾರನಿಗೆ ಮಿಲ್ಲು, ವ್ಯಾಪಾರ, ತಿರುಗಾಟ. ಈ ಸಲ ತಾನೇ ಹೋದ. ಅಕ್ಕ ಅಂಗಳದಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದಳು. ತಮ್ಮನನ್ನು ನೋಡಿ ಗಾಬರಿಯಾದಳು.

"ಏ ತಮ್ಮಾ, ನೀ ಯಾಕ ಬಂದಿಯೋ? ಮನ್ಯಾಗ ಎಲ್ಲಾರೂ ಆರಾಮದಾರಿಲ್ಲೋ?"

"ಆರಾಮದಾರ. ನಿನ್ನ ಕರ್ಯಾಕ ಬಂದೀನಿ."

"ಬರ್ತೀನಪಾ. ಹಾಲೆರದು ಸಂಜೀಕ ಹೊಳ್ಳಿ ಬರ್ತೀನಿ. ಖೋಲಿಗೆ ಬಣ್ಣಾ ಹಚ್ಚಿಸಿಯಂತ, ನಿನ್ನ ಸೊಸಿ ಫೋನ್ಯಾಗ ಹೇಳಿದ್ಲು. ಅದೆಲ್ಲಾ ಯಾಕೋ ನನಗ?"

ಅವನು ಅವಳ ಎದುರು ನೆಲದ ಮೇಲೆಯೇ ಕುಳಿತ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ, ಅದನ್ನೆಲ್ಲ ಬದಿಗಿಟ್ಟ. ಸೀದಾ ಅಂದುಬಿಟ್ಟ.

"ಅಕ್ಕಾ, ನೀ ಏನೋ ಕೇಳಾಕ ಬಂದೀದಿ ಅಂತ ನಾ ಅಂದಿದ್ದು, ನಿನಗ ಕೇಳಿಸಿತ್ತಲ್ಲ?"

ಅಕ್ಕ ಶೇಂಗಾ ಒಡೆಯುವುದನ್ನು ನಿಲ್ಲಿಸಿದಳು. ಇಲ್ಲ ಎನ್ನಬಹುದಿತ್ತು. ಇಷ್ಟು ವರ್ಷ ಇಲ್ಲ ಎಂದೇ ನಡೆಸಿದ್ದಳು. ಈ ಸಲ ಕೈಯ ಸಿಪ್ಪೆ ಕೊಡವಿ ಹೇಳಿದಳು:

"ಕೇಳಿಸಿತ್ತು ತಮ್ಮಾ. ಅವತ್ತಿಂದ ಪ್ರತಿ ವರ್ಷ ನೀ ಕಳಸಿದ ಗಾಡ್ಯಾಗ ಕುಂತು ಅನ್ಕೊಂತಿದ್ದೆ, ನಾ ಏನ್ ಕೇಳಾಕ ಹೊಂಟೀನಿ? ಎಷ್ಟ್ ಹುಡುಕಿದ್ರೂ ಏನೂ ಸಿಗತಿದ್ದಿಲ್ಲ. ಕೇಳೂದು ಏನೂ ಇಲ್ಲಂದ ಮ್ಯಾಲೆ ಇದ್ದು ಏನ್ ಮಾಡ್ಲಿ ಅಂತ, ಸಂಜೀಕ ಹೊಳ್ಳಿ ಬಿಡತಿದ್ದೆ."

ಸಾಹುಕಾರ ಅತ್ತ. ಮೀಸೆ ಬಿಟ್ಟ ಗಂಡಸು, ನಾಲ್ಕು ಜನರಿಗೆ ಬುದ್ಧಿ ಹೇಳುವವನು, ಅಕ್ಕನ ಅಂಗಳದಲ್ಲಿ ಕುಳಿತು ಕೂಸಿನ ಹಾಗೆ ಅತ್ತ. ಅಕ್ಕ ಸೆರಗಿನಿಂದ ಅವನ ಮುಖ ಒರೆಸಿದಳು. ಆಮೇಲೆ ಗದರಿಸಿದಳು.

"ಸಾಕು ಸುಮ್ಮನಾಗು, ಓಣ್ಯಾಗಿನವರು ನೋಡಾಕತ್ತಾರ. ನಾ ಬರ್ತೀನಿ. ಇರ್ತೀನಿ. ಆದ್ರ ಈಗ ಖರೇನ ಒಂದು ಕೇಳ್ತೀನಿ, ಕೊಡತೀಯೇನು?"

"ಕೇಳಕ್ಕಾ. ಹೊಲಾ ಕೇಳು, ಮನಿ ಕೇಳು."

"ನಿನ್ನ ಹೊಲಾ ತಗೊಂಡು ನಾ ಏನ್ ಮಾಡ್ಲೋ? ನನಗ ಏನರ ಅನ್ನೂದಿದ್ರ ನನ್ನ ಮುಂದ ಅನ್ನು. ಬೈಯೂದಿದ್ರ ಬೈ. ನಾನೂ ತಿರುಗಿ ಬೈತೀನಿ, ಅಲ್ಲಿಗೆ ಮುಗೀತೈತಿ. ಗ್ವಾಡಿಗೆ ಅಂದು ನನಗ ಮುಟ್ಟಿಸಬ್ಯಾಡ."

ಅಕ್ಕ ಬಂದಳು. ಖೋಲಿಯ ಬಾಗಿಲಲ್ಲಿ ನಿಂತು ನಾಲ್ಕೂ ಗೋಡೆ ನೋಡಿದಳು. "ಬಣ್ಣಾ ಕಣ್ಣಿಗೆ ತಂಪೈತಿ" ಎಂದಳು. ಹೆಂಡತಿಗೆ ಹಿಗ್ಗಾಯಿತು. ಅಷ್ಟರಲ್ಲೇ, "ಈ ಗೂಟಾ ಯಾರು ಬಡದ್ರು? ಸೀರಿ ಹಾಕಬೇಕಂದ್ರ ನಾ ಏಣಿ ಹತ್ತಬೇಕೇನು?" ಎಂದು ಕೇಳಿದಳು. ಎಲ್ಲರ ಎದುರಿಗೇ ಕೇಳಿದಳು. ಸಾಹುಕಾರ, "ನಿನ್ನ ಎಲಿ ಅಡಕಿ ಸಂಚಿ ಗಾದಿ ಮ್ಯಾಲೆ ಚೆಲ್ಲಿದ್ರ ನೋಡು ಮತ್ತ" ಎಂದು ಅಷ್ಟೇ ಎದುರಿಗೆ ಅಂದ. ಮನೆಯಲ್ಲಿ ಎಷ್ಟೋ ವರ್ಷದ ಮೇಲೆ ನಗೆ ಎದ್ದಿತು. ಗೂಟ ಕೆಳಗಿಳಿಯಿತು. ಮಾಡ ಮಾತ್ರ ಹಾಗೇ ತೆರೆದೇ ಉಳಿಯಿತು. ಅಕ್ಕ ಉಂಡಿ ಮುಗಿಯುವವರೆಗೂ ಇದ್ದಳು, ಮತ್ತೆ ಹೊಸದಾಗಿ ಉಂಡಿ ಕಟ್ಟಿದರು, ಅವೂ ಮುಗಿದವು, ಆಗಲೂ ಇದ್ದಳು.

ಕಥೆ ಅಲ್ಲಿಗೆ ಬಿಡೋಣ. ಈಗ ನಿಮ್ಮ ಮನೆಗೆ ಬರೋಣ. ಯಾಕೆ, ನಗೆ ನಿಂತಿತಲ್ಲ?

ಪಂಚಮಿ ಬಂತು. ನಿಮ್ಮ ಮನೆಗಳಿಗೂ ಅಕ್ಕ ತಂಗಿಯರು ಬರುತ್ತಾರೆ. ನೀವೂ ಹಾಸಿಗೆ ಕೊಡಹುತ್ತೀರಿ, ಪರದೆ ಒಗೆಯುತ್ತೀರಿ, ಕೈಲಾದವರು ಬಣ್ಣವನ್ನೂ ಬಳಿಯುತ್ತೀರಿ. ಮಾಡಿ. ಆದರೆ ಅವರು ಬರುವ ಮುಂಚೆ ಒಂದು ಕೆಲಸ ಮಾಡಿ. ಅವರು ಮಲಗುವ ಜಾಗದಲ್ಲಿ ನೀವು ಹೋಗಿ ಮಲಗಿ. ಮನೆಯವರಿಗೆ ಎಂದಿನಂತೆ ಮಾತಾಡಲು ಹೇಳಿ. ಸುಮ್ಮನೆ ಕಿವಿಗೊಡಿ. ಗಾದಿ ಗಟ್ಟಿಯಿದ್ದರೆ ಬೆನ್ನಿಗೆ ಗೊತ್ತಾಗುತ್ತದೆ, ಮಾತು ಗಟ್ಟಿಯಿದ್ದರೆ ಎದೆಗೆ ಗೊತ್ತಾಗುತ್ತದೆ. ಬಂದವರು ಎದುರಿಗಿದ್ದಾಗ ಆಡಲಾಗದ ಮಾತನ್ನು ಅವರು ಆಚೆ ಹೋದಾಗಲೂ ಆಡಬೇಡಿ. ಆಡಲೇಬೇಕಾದ ಮಾತಾದರೆ, ಅಕ್ಕ ಹೇಳಿದಂತೆ, ಎದುರಿಗೆ ಆಡಿ ಮುಗಿಸಿ. ಮತ್ತೆ, ಈಗಾಗಲೇ ನಿಮ್ಮ ಮನೆಗೆ ಬರುವುದು ಬಿಟ್ಟವರು ಯಾರಾದರೂ ಇದ್ದರೆ, ಡ್ರೈವರನ್ನು ಕಳಿಸಬೇಡಿ. ನೀವು ಹೋಗಿ. 'ನಾನು ಅಂದದ್ದು ನಿನಗೆ ಕೇಳಿಸಿತ್ತಲ್ಲ?' ಎಂದು ಕೇಳಿ. ಕೇಳುವುದು ಕಷ್ಟ. ಆದರೂ ಕೇಳಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಾನು ನಿಮ್ಮೂರಿಗೆ ಬಂದು ತಿಂಗಳಾಯಿತು. ಮಠದ ಚಾವಣಿ ಸೋರುತ್ತದೆ ಎಂದು, ವಾರಕ್ಕೊಬ್ಬರ ಮನೆಯಲ್ಲಿ ನನ್ನನ್ನು ಇಳಿಸಿಕೊಂಡಿದ್ದೀರಿ. ಒಳ್ಳೆಯ ಖೋಲಿ ಕೊಟ್ಟಿದ್ದೀರಿ, ಹೊಸ ಬಣ್ಣ, ಹೊಸ ಗಾದಿ. ನಿಮ್ಮ ಪ್ರೀತಿ ದೊಡ್ಡದು. ಆದರೆ ಒಂದು ವಿಷಯ ನೋಡಿ. ನಾನು ಇಳಿದ ಅಷ್ಟೂ ಮನೆಗಳಲ್ಲಿ ನನ್ನ ಖೋಲಿ ಅಡುಗೆಮನೆಯ ಪಕ್ಕದಲ್ಲೇ ಇತ್ತು. ನನಗೆ ವಯಸ್ಸಾಗಿದೆ, ಕಣ್ಣು ಮಂದ. ಕಿವಿ ಮಾತ್ರ ಇನ್ನೂ ಚುರುಕಾಗಿವೆ.

ಏನು ಕೇಳಿದೆ ಎಂದು ನಾನು ಹೇಳುವುದಿಲ್ಲ. ಏನು ಅಂದಿರಿ ಎಂದು ಈಗ ನೆನಪು ಮಾಡಿಕೊಳ್ಳುತ್ತಿದ್ದೀರಲ್ಲ, ಅದನ್ನು ಮನೆಗೆ ಹೋಗುವವರೆಗೂ ಮರೆಯಬೇಡಿ.